ಅಳತೆಯ ಸೈಕಲ್

ಕಳೆದ ವರ್ಷ ನಮ್ಮ ಮಾಮೂ ಅವರ ಸೈಕಲ್ ಅಂಗಡಿಗೆ ಒಂದು ವಿಚಿತ್ರ ಬಣ್ಣದ ಸೈಕಲ್ ಬಂತು. ನೀಲಿ ಅನ್ನೋಣವೆಂದರೆ ಅದರಲ್ಲಿ ಹಸಿರು ಇತ್ತು, ಹಸಿರು ಅನ್ನೋಣವೆಂದರೆ ನೀಲಿ ಇತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಯಾರೋ ರಜೆಗೆ ಊರಿಗೆ ಬಂದಾಗ ತಂದದ್ದು. ಹಿಂದಿನ ಬ್ರೇಕ್ ಹಿಡಿದುಕೊಂಡಿತ್ತು. ಮಾಮೂ ಅದನ್ನು ಸರಿಮಾಡಿದರು, ಚಕ್ರ ತಿರುಗಿಸಿದರು, ಆಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಲೇ ನಿಂತರು. ಫ್ರೇಮಿನ ಮೇಲೆ ಬಿಯಾಂಕಿ ಎಂದು ಬರೆದಿತ್ತು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಬಂದ ಮೊದಲ ಪ್ರಶ್ನೆ ಅದರ ಬೆಲೆ ಎಷ್ಟು ಎಂಬುದು. ಉತ್ತರ ಕೇಳಿ ನಂಬಲಿಲ್ಲ. ಎರಡನೆಯ ಪ್ರಶ್ನೆ, ಈ ಬಣ್ಣ ಯಾಕೆ ಎಂಬುದು. ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದವನು ಫೌಸ್ಟೊ ಕೊಪ್ಪಿ. ಇಟಲಿಯವನು, ಬಿಯಾಂಕಿ ಕಂಪನಿಯ ತಂಡಕ್ಕೆ ಓಡಿದವನು, ಸೈಕಲ್ ರೇಸಿನ ಚರಿತ್ರೆಯಲ್ಲಿ ಬಹಳ ದೊಡ್ಡ ಹೆಸರು. ದೊಡ್ಡವರನ್ನು ಏಕವಚನದಲ್ಲಿ ಬರೆಯಬಾರದು ಎಂದು ಗೊತ್ತು. ಆದರೆ ಒಂದು ವರ್ಷದಿಂದ ದಿನಾ ರಾತ್ರಿ ಆತನ ಹಳೆಯ ಕಪ್ಪುಬಿಳುಪು ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಆತ ನನಗೆ ನಮ್ಮ ಬೀದಿಯ ಅಣ್ಣನ ಹಾಗೆ ಆಗಿಬಿಟ್ಟಿದ್ದಾನೆ.

ಆ ವಿಡಿಯೊಗಳಲ್ಲಿ ಒಂದು ವಿಷಯ ಮೊದಲ ಸಲಕ್ಕೇ ಕಣ್ಣಿಗೆ ಬೀಳುತ್ತದೆ. ನಿಂತಿರುವ ಕೊಪ್ಪಿಯನ್ನು ನೋಡಿದರೆ ಯಾರೂ ಕ್ರೀಡಾಪಟು ಎನ್ನುವುದಿಲ್ಲ. ಉದ್ದ ಕಡ್ಡಿ ಕಾಲು, ಗಿಡ್ಡ ಮೈ, ಮುಂದಕ್ಕೆ ಉಬ್ಬಿದ ಎದೆ, ಸಪೂರ ಮುಖದಲ್ಲಿ ಉದ್ದ ಮೂಗು. ನಡೆಯುವಾಗ ಕೈಕಾಲು ಯಾರದೋ ಸಾಲ ತಂದ ಹಾಗೆ ಕಾಣುತ್ತವೆ. ಅದೇ ಮನುಷ್ಯ ಸೈಕಲ್ ಹತ್ತಿದ ಕೂಡಲೇ ಎಲ್ಲವೂ ಸರಿಯಾಗಿಬಿಡುತ್ತದೆ. ಬೆನ್ನು ಅಲುಗುವುದಿಲ್ಲ, ಭುಜ ಅಲುಗುವುದಿಲ್ಲ, ಕಾಲು ಮಾತ್ರ ಸುತ್ತುತ್ತದೆ. ಏರುದಾರಿಯಲ್ಲಿ ಬೇರೆಯವರು ಹ್ಯಾಂಡಲ್ ಜಗ್ಗುತ್ತಾ ಆಚೆ ಈಚೆ ತೂಗುತ್ತಿದ್ದರೆ ಆತ ಕುರ್ಚಿಯಲ್ಲಿ ಕೂತ ಹಾಗೆ ಕೂತಿರುತ್ತಾನೆ. ನಾನೂ ಸಣಕಲ. ಪಿಟಿ ಪೀರಿಯಡಿನಲ್ಲಿ ಕಬಡ್ಡಿಗೆ ಆರಿಸುವಾಗ ಕೊನೆಯಲ್ಲಿ ಉಳಿಯುವವರಲ್ಲಿ ಒಬ್ಬ. ಆದ್ದರಿಂದ ಆ ಬದಲಾವಣೆಯನ್ನು ನಾನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದ್ದೇನೆ ಎಂದರೆ ಗೆಳೆಯರು ನಗಬಾರದು.

ಕೊಪ್ಪಿ ಹುಟ್ಟಿದ್ದು 1919ರ ಸೆಪ್ಟೆಂಬರ್ 15ರಂದು, ವಾಯವ್ಯ ಇಟಲಿಯ ಕಸ್ತೆಲ್ಲಾನಿಯ ಎಂಬ ಗುಡ್ಡದ ಹಳ್ಳಿಯಲ್ಲಿ. ಬೇಸಾಯದ ಮನೆ, ಐದು ಮಕ್ಕಳಲ್ಲಿ ನಾಲ್ಕನೆಯವನು. ಚಿಕ್ಕಂದಿನಲ್ಲಿ ಆರೋಗ್ಯ ಅಷ್ಟಕ್ಕಷ್ಟೆ. ಮನೆಯ ನೆಲಮಾಳಿಗೆಯಲ್ಲಿ ಬ್ರೇಕ್ ಕಟ್ಟೆಯೂ ಇಲ್ಲದ ತುಕ್ಕುಹಿಡಿದ ಒಂದು ಸೈಕಲ್ ಸಿಕ್ಕಿತು. ಎಂಟನೆಯ ವಯಸ್ಸಿನಲ್ಲಿ ಶಾಲೆ ತಪ್ಪಿಸಿ ದಿನವಿಡೀ ಅದರ ಮೇಲೆ ತಿರುಗಿದ್ದಕ್ಕೆ, ಸೈಕಲ್ ಬಿಟ್ಟು ಶಾಲೆಗೆ ಬರಬೇಕು ಎಂಬರ್ಥದ ಸಾಲನ್ನು ಮತ್ತೆ ಮತ್ತೆ ಬರೆಯುವ ಶಿಕ್ಷೆಯಾಯಿತಂತೆ. 13ಕ್ಕೆ ಶಾಲೆಯನ್ನೇ ಬಿಟ್ಟು ಹತ್ತಿರದ ನೋವಿ ಲಿಗುರೆ ಪಟ್ಟಣದ ಒಂದು ಮಾಂಸದಂಗಡಿಗೆ ಕೆಲಸಕ್ಕೆ ಸೇರಿದ. ಸೈಕಲ್ ಮೇಲೆ ಮನೆಮನೆಗೆ ಮಾಂಸ ಮುಟ್ಟಿಸುವುದು ಕೆಲಸ. ನಮ್ಮ ಮಾರ್ಕೆಟಿನಲ್ಲಿ ಈ ಕೆಲಸ ಮಾಡುವ ಹುಡುಗರು ಎಷ್ಟೋ ಜನ ಇದ್ದಾರೆ. ಅವರಲ್ಲಿ ಇಬ್ಬರು ನನ್ನ ಜೊತೆ ಹೈಸ್ಕೂಲಿನಲ್ಲಿದ್ದವರು.

ಇಲ್ಲಿ ಒಂದು ಘಟನೆ ಬರುತ್ತದೆ. ನನಗೆ ಕೊಪ್ಪಿ ಇಷ್ಟವಾದದ್ದು ಗೆಲುವುಗಳಿಂದಲ್ಲ, ಇದರಿಂದ. ಸುಮಾರು 15ನೆಯ ವಯಸ್ಸಿನಲ್ಲಿ, ಹಡಗಿನ ಕೆಲಸದಲ್ಲಿದ್ದ ಚಿಕ್ಕಪ್ಪ ಮತ್ತು ತಂದೆ ಸೇರಿ ರೇಸ್ ಸೈಕಲ್‌ಗೆಂದು 600 ಲಿರಾ ಹೊಂದಿಸಿಕೊಟ್ಟರು. ಜಿನೋವಾ ನಗರದ ಒಬ್ಬ ಕುಶಲಕರ್ಮಿಯ ಹತ್ತಿರ ತನ್ನ ಮೈ ಅಳತೆಗೆ ಫ್ರೇಮ್ ಮಾಡಿಸಲು ಹೇಳಿದ. ವಾರದಲ್ಲಿ ಸಿಗುತ್ತದೆ ಎಂದರು. ಹೋದರೆ ಇಲ್ಲ. ಮುಂದಿನ ವಾರ ಹೋದರೂ ಇಲ್ಲ. ಹೀಗೆ ಅಲೆದು ಅಲೆದು ಕೊನೆಗೆ ಆ ಮನುಷ್ಯ ಗೋಡೆಗೆ ತೂಗುಹಾಕಿದ್ದ ಯಾವುದೋ ಒಂದು ಫ್ರೇಮನ್ನು ಇಳಿಸಿ ಕೊಟ್ಟ. ಹುಡುಗನ ಕಾಲಿಗೆ, ಕೈಗೆ ಒಮ್ಮೆಯೂ ಟೇಪು ಹಿಡಿದಿರಲಿಲ್ಲ. ಹಳ್ಳಿಯ ಹುಡುಗ ಎದುರು ಮಾತಾಡಲು ಧೈರ್ಯ ಸಾಲದೆ ಅದನ್ನೇ ತೆಗೆದುಕೊಂಡು ಬಂದ.

ಅಳತೆ ಯಾಕೆ ಅಷ್ಟು ಮುಖ್ಯ ಎಂಬುದನ್ನು ನಾನು ಅಂಗಡಿಯಲ್ಲಿ ಕಲಿತಿದ್ದೇನೆ. ಯಾರೇ ಹೊಸ ಸೈಕಲ್ ತಂದರೂ ಮಾಮೂ ಮೊದಲು ಅವರನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲೆ ಇಡಿಸುತ್ತಾರೆ. ಕಾಲು ಪೂರ್ತಿ ಚಾಚಿದರೆ ಸರಿ, ಮೊಣಕಾಲು ಮಡಚಿದ್ದರೆ ಸೀಟು ಎತ್ತಬೇಕು. ಬರೀ ಎರಡು ಬೆರಳು ಎತ್ತಿದ್ದಕ್ಕೆ ನನ್ನ ಮೊಣಕಾಲು ನೋವು ಹೋಯಿತು. ಸೀಟನ್ನಾದರೆ ಎತ್ತಬಹುದು, ಫ್ರೇಮಿನ ಕೊಳವೆಯನ್ನು ಉದ್ದ ಮಾಡಲಾಗುವುದಿಲ್ಲ. ದಿನಕ್ಕೆ 250 ಕಿಲೋಮೀಟರ್ ಓಡುವವನಿಗೆ ತಪ್ಪು ಅಳತೆ ಎಂದರೆ ದಿನವಿಡೀ ತಪ್ಪು ಸೈಜಿನ ಚಪ್ಪಲಿಯಲ್ಲಿ ನಡೆದ ಹಾಗೆ.

ಅದೇ ಸೈಕಲ್ ಕಾಲದಲ್ಲಿ ಮೊದಲ ಓಟ ಗೆದ್ದ. ಬಹುಮಾನ 20 ಲಿರಾ ಮತ್ತು ಒಂದು ಸಲಾಮಿ ಸ್ಯಾಂಡ್‌ವಿಚ್. ನಾವಾಗಿದ್ದರೆ 20 ಲಿರಾ ಮಾತ್ರ ತೆಗೆದುಕೊಳ್ಳುತ್ತಿದ್ದೆವು. 1938ರಲ್ಲಿ ಲೈಸೆನ್ಸ್ ಪಡೆದು ಗೆದ್ದ ಓಟಕ್ಕೆ ಸಿಕ್ಕಿದ್ದು ಒಂದು ಅಲಾರಂ ಗಡಿಯಾರ.

ಕೊಪ್ಪಿಯ ಅಳತೆಯನ್ನು ಮೊದಲು ಸರಿಯಾಗಿ ತೆಗೆದವರು ಕಣ್ಣಿಲ್ಲದ ಒಬ್ಬ ಮನುಷ್ಯ. ಬ್ಯಾಜೊ ಕವಾನ್ನ ಎಂಬ ಈ ಹಳೆಯ ಬಾಕ್ಸರ್ ದೃಷ್ಟಿ ಕಳೆದುಕೊಂಡು ಮೈ ನೀವುವ ಕೆಲಸ ಮಾಡುತ್ತಿದ್ದರು, ಸೈಕಲ್ ಸವಾರರನ್ನು ತರಬೇತು ಮಾಡುತ್ತಿದ್ದರು. ಅವರೂ ಆ ಮಾಂಸದಂಗಡಿಯ ಗಿರಾಕಿ. ಕೈಯಿಂದ ತಡವಿ ನೋಡಿಯೇ ಸ್ನಾಯು, ಎದೆ, ಉಸಿರು ಎಲ್ಲವನ್ನೂ ತಿಳಿಯುತ್ತಿದ್ದರು. ಬೇರೆಯವರು ಬಡಕಲು ಎಂದ ಮೈಯಲ್ಲಿ ದೊಡ್ಡ ಶ್ವಾಸಕೋಶವೂ ಉದ್ದ ಸನ್ನೆಗೋಲಿನಂಥ ಕಾಲೂ ಇವೆ ಎಂಬುದು ಅವರ ಬೆರಳಿಗೆ ಗೊತ್ತಾಯಿತು. ಊಟ, ನಿದ್ದೆ, ಓಟ ಎಲ್ಲ ಅವರು ಹೇಳಿದ ಹಾಗೆ ನಡೆಯಿತು.

1940ರಲ್ಲಿ ಲೆನ್ಯಾನೊ ಎಂಬ ಸೈಕಲ್ ಕಂಪನಿಯ ತಂಡಕ್ಕೆ ಕೊಪ್ಪಿಯನ್ನು ತೆಗೆದುಕೊಂಡರು. ಗೆಲ್ಲಲು ಅಲ್ಲ. ಆ ತಂಡದ ನಾಯಕ ಜೀನೊ ಬಾರ್ತಲಿ ಆಗಲೇ ಇಟಲಿಯ ದೊಡ್ಡ ಹೆಸರು, ಆತನಿಗೆ ಸಹಾಯಕ್ಕೆ. ಆದರೆ ಬಾರ್ತಲಿ ಬಿದ್ದು ಪೆಟ್ಟು ಮಾಡಿಕೊಂಡ, ಸಹಾಯಕ ಮುಂದೆ ಹೋದ. ಇಟಲಿಯನ್ನು ಸುತ್ತುವ ಜಿರೊ ದಿತಾಲಿಯಾ ಓಟವನ್ನು ಕೊಪ್ಪಿ 20ನೆಯ ವಯಸ್ಸಿನಲ್ಲಿ ಗೆದ್ದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಇಂದಿಗೂ ಬೇರೆ ಯಾರೂ ಗೆದ್ದಿಲ್ಲ. ಓಟ ಮುಗಿದದ್ದು ಜೂನ್ 9ರಂದು. ಜೂನ್ 10ರಂದು ಇಟಲಿ ಮಹಾಯುದ್ಧಕ್ಕೆ ಇಳಿಯಿತು.

ಯುದ್ಧದ ನಡುವೆಯೇ, 1942ರ ನವೆಂಬರ್ 7ರಂದು, ಮಿಲಾನ್ ನಗರದ ವಿಗೊರೆಲ್ಲಿ ಟ್ರ್ಯಾಕಿನಲ್ಲಿ ಕೊಪ್ಪಿ ಒಂದು ಗಂಟೆಯ ದಾಖಲೆಗೆ ಇಳಿದ. ನಿಯಮ ಸುಲಭ: ಒಬ್ಬನೇ, ಒಂದು ಗಂಟೆ, ಎಷ್ಟು ದೂರ. ಹೋದದ್ದು 45.798 ಕಿಲೋಮೀಟರ್. ಲೆಕ್ಕ ನನಗೆ ಇಷ್ಟವಾದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಮಾಡುತ್ತೇನೆ. ಸೈಕಲ್‌ಗೆ ಇದ್ದದ್ದು ಒಂದೇ ಗೇರು, ಮುಂದೆ 52 ಹಲ್ಲು, ಹಿಂದೆ 15. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 7.4 ಮೀಟರ್ ಮುಂದೆ ಹೋಗುತ್ತದೆ. ಅಂದರೆ ನಿಮಿಷಕ್ಕೆ 103 ಸುತ್ತು, ಗಂಟೆಗೆ ಆರು ಸಾವಿರಕ್ಕೂ ಹೆಚ್ಚು ಸುತ್ತು, ನಡುವೆ ಒಂದು ಕ್ಷಣವೂ ಕಾಲು ನಿಲ್ಲಿಸುವಂತಿಲ್ಲ. ಹಿಂದಿನ ದಾಖಲೆಗಿಂತ ಹೆಚ್ಚಾದದ್ದು 31 ಮೀಟರ್, ಅಂದರೆ ಪೆಡಲಿನ ನಾಲ್ಕು ಸುತ್ತು. ಆ ನಾಲ್ಕು ಸುತ್ತನ್ನು ದಾಟಲು ಬೇರೆಯವರಿಗೆ 1956ರವರೆಗೆ ಕಾಯಬೇಕಾಯಿತು.

ಮರುವರ್ಷ ಸೈನ್ಯದಲ್ಲಿ ಉತ್ತರ ಆಫ್ರಿಕಾಕ್ಕೆ ಹೋಗಿ, 1943ರ ಏಪ್ರಿಲ್‌ನಲ್ಲಿ ಟುನೀಶಿಯಾದಲ್ಲಿ ಬ್ರಿಟಿಷರ ಸೆರೆಯಾದ. ಶಿಬಿರದಲ್ಲಿ ಸಿಕ್ಕ ಕೆಲಸ ಮಾಡಿದ. ಅದರಲ್ಲಿ ಕ್ಷೌರವೂ ಒಂದು. ಸೈಕಲ್ ರೇಸಿನ ಹುಚ್ಚಿದ್ದ ಒಬ್ಬ ಬ್ರಿಟಿಷ್ ಸೈನಿಕ ಕೂದಲು ಕತ್ತರಿಸಿಕೊಳ್ಳಲು ಕೂತಾಗ ಕತ್ತರಿ ಹಿಡಿದವನು ಕೊಪ್ಪಿ ಎಂದು ನೋಡಿ ಬೆರಗಾದನಂತೆ. 1945ರಲ್ಲಿ ಇಟಲಿಗೆ ತಂದರು, ಬಿಡುಗಡೆಯಾಯಿತು. ಸಿಕ್ಕ ಗಾಡಿ ಹತ್ತುತ್ತ, ಉಳಿದ ದಾರಿ ಸೈಕಲ್ ತುಳಿಯುತ್ತ ಊರು ಸೇರಿದ.

ಆ ಮೇಲೆ ಬಂದದ್ದು ಬಿಯಾಂಕಿ ತಂಡ ಮತ್ತು ಆ ಬಣ್ಣದ ಸೈಕಲ್. ಇಟಲಿಯಲ್ಲಿ ಆ ಬಣ್ಣಕ್ಕೆ ಚೆಲೆಸ್ತೆ ಎನ್ನುತ್ತಾರೆ, ಆಕಾಶದ್ದು ಎಂದು ಅರ್ಥ. 1946ರ ಮಾರ್ಚ್ 19ರಂದು ಯುದ್ಧಾನಂತರದ ಮೊದಲ ಮಿಲಾನ್–ಸಾನ್ ರೆಮೊ ಓಟ. ಸುಮಾರು 290 ಕಿಲೋಮೀಟರ್. ಆರಂಭದಲ್ಲೇ ಕೆಲವರೊಂದಿಗೆ ಮುಂದೆ ಹೊರಟ ಕೊಪ್ಪಿ ಬೆಟ್ಟದಲ್ಲಿ ಅವರನ್ನೂ ಬಿಟ್ಟು ಒಬ್ಬನೇ ಹೋದ. ಎರಡನೆಯವನು ಬಂದದ್ದು 14 ನಿಮಿಷದ ನಂತರ. ರೇಡಿಯೊದವರಿಗೆ ಹೇಳಲು ಏನೂ ಉಳಿಯದೆ, ಉಳಿದವರು ಬರುವವರೆಗೆ ಸಂಗೀತ ಹಾಕಿದರು ಎಂಬ ಕಥೆ ಇಟಲಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಈಗ ಸಾಮಾನಿನ ವಿಷಯಕ್ಕೆ ಬರುತ್ತೇನೆ. ಮಾಮೂ ಈ ಲೇಖನ ಬರೆಸಿದ್ದೇ ಇದಕ್ಕಾಗಿ. ಆಗಿನ ರೇಸ್ ಸೈಕಲ್ ಉಕ್ಕಿನದು, ತೂಕ ಸುಮಾರು 10 ಕಿಲೊ. ಸೀಟು ಚರ್ಮದ್ದು, ಸವಾರನ ಮೈಗೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು, ಹೊಂದಿದ ಮೇಲೆ ಅದನ್ನು ಬೇರೆಯವರಿಗೆ ಕೊಡುವ ಮಾತೇ ಇಲ್ಲ. ಬೂಟಿನ ಅಟ್ಟೆಗೆ ಮೊಳೆ ಹೊಡೆದು ಕೂರಿಸಿದ ಪಟ್ಟಿ, ಅದು ಪೆಡಲನ್ನು ಕಚ್ಚುತ್ತದೆ, ಮೇಲೆ ಚರ್ಮದ ಬೆಲ್ಟು ಬಿಗಿಯುತ್ತಾರೆ. ಬಿದ್ದರೆ ಸೈಕಲ್ ಸಮೇತ ಬೀಳಬೇಕು. ಉಡುಪು ಉಣ್ಣೆಯದು. ಬೆನ್ನಿಗೂ ಎದೆಗೂ ಜೇಬು, ಜೇಬಿನಲ್ಲಿ ತಿಂಡಿ. ಮಳೆ ಬಂದರೆ ಅದೇ ಉಡುಪು ನೀರು ಕುಡಿದು ಜೋತುಬೀಳುತ್ತದೆ. ಬಿಸಿಲಿಗೆ ಕಪ್ಪು ಕನ್ನಡಕ, ನೀರಿನ ಬಾಟಲಿ ಲೋಹದ್ದು. ಟೈರನ್ನು ಅಂಟಿನಿಂದ ರಿಮ್ಮಿಗೆ ಅಂಟಿಸಿರುತ್ತಾರೆ. ಇನ್ನೊಂದನ್ನು ಎಂಟರ ಆಕಾರದಲ್ಲಿ ಮಡಚಿ ಎರಡು ಭುಜಕ್ಕೆ ಹಾಕಿಕೊಳ್ಳುತ್ತಾರೆ. ಹಳೆಯ ಫೋಟೊಗಳಲ್ಲಿ ಬೆನ್ನ ಮೇಲೆ ಅಡ್ಡ ಬಿದ್ದಿರುವುದು ಅದೇ. ತಲೆಗೆ ಬಟ್ಟೆಯ ಸಣ್ಣ ಟೋಪಿ, ಅಷ್ಟೇ.

ಮಾಮೂಗೆ ನಂಬಲು ಕಷ್ಟವಾದದ್ದು ಗೇರು. ಟೂರ್ ದ ಫ್ರಾನ್ಸ್ ಓಟದಲ್ಲಿ 1937ರವರೆಗೆ ಈಗಿನಂಥ ಗೇರು ಬದಲಿಸುವ ಸಾಧನಕ್ಕೆ ಅನುಮತಿಯೇ ಇರಲಿಲ್ಲ. ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ, ಮತ್ತೆ ಹಾಕಿ ಹತ್ತಬೇಕಿತ್ತು. ಸ್ಪ್ಯಾನರ್ ಇಲ್ಲದೆ ಒಂದೇ ಕಡ್ಡಿ ಎಳೆದು ಚಕ್ರ ಬಿಚ್ಚುವ ಉಪಾಯವನ್ನು ಮಾಡಿದವರು ಇಟಲಿಯ ತುಲ್ಲಿಯೊ ಕಂಪಾನ್ಯೊಲೊ. ಹಿಮದಲ್ಲಿ ಮರಗಟ್ಟಿದ ಬೆರಳಿಂದ ನಟ್ಟು ಬಿಚ್ಚಲಾಗದೆ ಓಟ ಸೋತಾಗ ಅವರಿಗೆ ಅದು ಹೊಳೆಯಿತು ಎಂದು ಹೇಳುತ್ತಾರೆ. ಯುದ್ಧದ ನಂತರ ಇಟಲಿಯ ಸವಾರರು ಬಳಸುತ್ತಿದ್ದ ಅವರ ಗೇರಿಗೆ ಹಿಂದಿನ ಕೊಳವೆಯ ಪಕ್ಕದಲ್ಲಿ ಎರಡು ಕಡ್ಡಿ. ಓಡುತ್ತಿರುವಾಗಲೇ ಕೈಯನ್ನು ಸೀಟಿನ ಹಿಂದೆ ಕೆಳಗೆ ಚಾಚಿ ಒಂದು ಕಡ್ಡಿಯಿಂದ ಚಕ್ರ ಸಡಿಲಿಸಬೇಕು, ಪೆಡಲನ್ನು ಹಿಂದಕ್ಕೆ ತುಳಿಯುತ್ತ ಇನ್ನೊಂದು ಕಡ್ಡಿಯಿಂದ ಚೈನನ್ನು ಬೇರೆ ಹಲ್ಲಿಗೆ ತಳ್ಳಬೇಕು, ಮತ್ತೆ ಮೊದಲ ಕಡ್ಡಿಯಿಂದ ಚಕ್ರ ಬಿಗಿಯಬೇಕು. ಓಡುವ ಸೈಕಲಿನ ಚಕ್ರ ಸಡಿಲಿಸುವುದು! ನಾನು ಇದನ್ನು ವಿವರಿಸಿದಾಗ ಮಾಮೂ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಎರಡು ಕಡ್ಡಿಯ ಕೆಲಸವನ್ನು ಒಂದೇ ಕಡ್ಡಿಗೆ ಇಳಿಸಿದ ಗೇರು ಬಂತು. 1950ರಲ್ಲಿ ಕೊಪ್ಪಿ ಕಲ್ಲುಹಾಸಿನ ದಾರಿಯ ಪ್ಯಾರಿಸ್–ರೂಬೆ ಓಟ ಗೆದ್ದದ್ದು ಅದರ ಮೇಲೆ. ಆ ಗೇರಿನ ಹೆಸರೂ ಪ್ಯಾರಿಸ್–ರೂಬೆ.

1949 ಕೊಪ್ಪಿಯ ಅತ್ಯಂತ ದೊಡ್ಡ ವರ್ಷ. ಜೂನ್ 10ರಂದು ಜಿರೊ ಓಟದಲ್ಲಿ ಕೂನೆಯೊದಿಂದ ಪಿನೆರೋಲೊಗೆ 254 ಕಿಲೋಮೀಟರ್, ನಡುವೆ ಆಲ್ಪ್ಸ್ ಪರ್ವತದ ಐದು ಕಣಿವೆದಾರಿ. ಕೊಪ್ಪಿ 190 ಕಿಲೋಮೀಟರಿಗೂ ಹೆಚ್ಚು ಒಬ್ಬನೇ ಓಡಿ ಬಾರ್ತಲಿಗಿಂತ ಸುಮಾರು 12 ನಿಮಿಷ ಮುಂದೆ ಬಂದ. ಎಲ್ಲರೂ ಹೊಗಳುವುದು ಆ ದಿನವನ್ನು. ನನಗೆ ಮುಖ್ಯವಾದದ್ದು ಮುಂದಿನ ತಿಂಗಳ ಟೂರ್ ದ ಫ್ರಾನ್ಸ್, ಅದರ ಐದನೆಯ ದಿನ, ಸಾಂ ಮಾಲೊ ಕಡೆಗಿನ ದಾರಿ. ಮುಂದೆ ಓಡುತ್ತಿದ್ದ ಕೊಪ್ಪಿ ಜಾಕ್ ಮಾರಿನೆಲ್ಲಿಯ ಜೊತೆ ಬಿದ್ದ. ಸೈಕಲ್ ಮುರಿಯಿತು. ತಂಡದ ಒಂದು ಕಾರು ಬಂದು ಬೇರೆ ಸೈಕಲ್ ಕೊಟ್ಟಿತು. ಅದು ಆತನ ಅಳತೆಯದಲ್ಲ. ಆತನ ಅಳತೆಯ ಎರಡನೆಯ ಸೈಕಲ್ ಮ್ಯಾನೇಜರ್ ಆಲ್ಫ್ರೆಡೊ ಬಿಂಡಾ ಅವರ ಕಾರಿನ ಮೇಲೆ, ಹಿಂದೆ ಎಲ್ಲೋ ಇತ್ತು. ಕೊಪ್ಪಿ ಕೊಟ್ಟದ್ದನ್ನು ಹತ್ತಲಿಲ್ಲ. ರಸ್ತೆ ಬದಿಯಲ್ಲಿ ನಿಂತುಬಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ದಾಟಿಹೋದರು. ಬಿಂಡಾ ಬಂದು ಸರಿಯಾದ ಸೈಕಲ್ ಕೊಟ್ಟ ಮೇಲೂ ಮನೆಗೆ ಹೋಗುತ್ತೇನೆ ಎಂದು ಹಠ ಹಿಡಿದ. ಸಮಾಧಾನ ಮಾಡಿ ಓಡಿಸಬೇಕಾಯಿತು. ಆ ಸಂಜೆ ಮೊದಲ ಸ್ಥಾನದವನಿಗಿಂತ ಸುಮಾರು 37 ನಿಮಿಷ ಹಿಂದೆ ಇದ್ದ.

ಕೆಲವರು ಇದನ್ನು ಅಹಂಕಾರ ಎನ್ನುತ್ತಾರೆ, ತನ್ನನ್ನು ಬಿಟ್ಟು ಬಾರ್ತಲಿಯನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಸಿಟ್ಟು ಎನ್ನುತ್ತಾರೆ. ಇರಬಹುದು. ಆದರೆ ನನಗೆ ಜಿನೋವಾದ ಅಂಗಡಿ ನೆನಪಾಗುತ್ತದೆ. 15ರ ಹುಡುಗ ತನ್ನದಲ್ಲದ ಫ್ರೇಮನ್ನು ಮಾತಿಲ್ಲದೆ ತೆಗೆದುಕೊಂಡು ಬಂದಿದ್ದ. 29ರ ಕೊಪ್ಪಿ ಬೇಡ ಎಂದ, ಅದಕ್ಕೆ ಬೆಲೆಯನ್ನೂ ಕೊಟ್ಟ. ಮುಂದೆ ಬೆಟ್ಟಗಳಲ್ಲಿ ಆ 37 ನಿಮಿಷವನ್ನು ಅಷ್ಟೂ ವಾಪಸು ಗಳಿಸಿ, ಪ್ಯಾರಿಸ್ ತಲುಪುವಾಗ ಎರಡನೆಯವನಾದ ಬಾರ್ತಲಿಗಿಂತ ಸುಮಾರು 11 ನಿಮಿಷ ಮುಂದಿದ್ದ. ಒಂದೇ ವರ್ಷದಲ್ಲಿ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದ ಮೊದಲಿಗ ಆತನೇ.

1952ರಲ್ಲಿ ಮತ್ತೆ ಎರಡನ್ನೂ ಗೆದ್ದ. ಆ ವರ್ಷ ಅಂದ್ರೆಯಾ ಕರ್ರೆಯಾ ಎಂಬ ಆತನ ಸಹಾಯಕ ಸವಾರನಿಗೆ ಒಂದು ದಿನ ಅನಿರೀಕ್ಷಿತವಾಗಿ ಮೊದಲ ಸ್ಥಾನದ ಹಳದಿ ಅಂಗಿ ಸಿಕ್ಕಿತು. ನಾಯಕ ಏನೆಂದುಕೊಳ್ಳುತ್ತಾನೋ ಎಂದು ಹೆದರಿ ಕರ್ರೆಯಾ ಅತ್ತುಬಿಟ್ಟ. ಮರುದಿನ ಆಲ್ಪ್ ದುಯೇಝ್ ಬೆಟ್ಟದಲ್ಲಿ ಕೊಪ್ಪಿ ಗೆದ್ದು ಅಂಗಿ ತೆಗೆದುಕೊಂಡ. ಒಟ್ಟು ಐದು ಜಿರೊ, ಎರಡು ಟೂರ್, 1953ರಲ್ಲಿ ವಿಶ್ವ ಚಾಂಪಿಯನ್. ಒಂದು ವಿಷಯ ಮುಚ್ಚಿಡಬಾರದು. ಆಯಾಸ ತಿಳಿಯದಂತೆ ಮಾಡುವ ಗುಳಿಗೆಗಳನ್ನು ಆಗಿನ ಸವಾರರು ನುಂಗುತ್ತಿದ್ದರು, ಕೊಪ್ಪಿಯೂ ನುಂಗುತ್ತಿದ್ದ. ಟಿವಿಯಲ್ಲಿ ತಾನೇ ಒಪ್ಪಿಕೊಂಡ. ಆಗ ನಿಷೇಧ ಇರಲಿಲ್ಲ ನಿಜ, ಆದರೂ ಇದನ್ನು ಓದಿದ ದಿನ ನನಗೆ ಬೇಸರವಾಯಿತು.

ತಮ್ಮ ಸೆರ್ಸೆ ಅದೇ ತಂಡದಲ್ಲಿದ್ದ. ಅಣ್ಣನಷ್ಟು ವೇಗ ಇಲ್ಲ, ಆದರೆ ಮೌನಿಯಾದ ಅಣ್ಣನನ್ನು ನಗಿಸುವವನು ಅವನೊಬ್ಬನೇ. 1951ರ ಜೂನ್ 29ರಂದು ತುರಿನ್ ನಗರದಲ್ಲಿ ಓಟದ ಕೊನೆಯಲ್ಲಿ ಸೆರ್ಸೆ ಬಿದ್ದು ತಲೆಗೆ ಪೆಟ್ಟಾಯಿತು. ಎದ್ದು ಓಟ ಮುಗಿಸಿದ, ಹೋಟೆಲಿಗೂ ಬಂದ. ಅಲ್ಲಿ ತಲೆನೋವು ಏರಿ, ಅದೇ ದಿನ ತೀರಿಕೊಂಡ. ತಲೆಯ ಮೇಲೆ ಬಟ್ಟೆಯ ಟೋಪಿ ಎಂದು ಮೇಲೆ ಬರೆದೆನಲ್ಲ, ಆ ಸಾಲು ಬರೆಯುವಾಗ ನೆನಪಿಗೆ ಬಂದದ್ದು ಸೆರ್ಸೆ. ಕೆಲವೇ ದಿನಗಳಲ್ಲಿ ಫೌಸ್ಟೊ ಟೂರ್ ಓಟಕ್ಕೆ ಹೊರಟ, ಆದರೆ ಆ ವರ್ಷ ಓಡಿದವನು ಬೇರೆ ಯಾರೋ ಎಂಬಂತಿತ್ತು.

ಕೊನೆಯ ವರ್ಷಗಳನ್ನು ಬೇಗ ಮುಗಿಸುತ್ತೇನೆ. ಸಂಸಾರ ಒಡೆಯಿತು, ಕೋರ್ಟು ಕಟ್ಟೆ ಹತ್ತಬೇಕಾಯಿತು, ಮೂಳೆಗಳು ಮತ್ತೆ ಮತ್ತೆ ಮುರಿದವು. ಜನ ಸ್ಕೂಟರ್ ಕೊಳ್ಳತೊಡಗಿದ್ದರಿಂದ ಸೈಕಲ್ ಕಂಪನಿಗಳ ಹತ್ತಿರ ತಂಡ ನಡೆಸಲು ಹಣ ಕಡಿಮೆಯಾಯಿತು. 1954ರಲ್ಲಿ ನಿವಿಯಾ ಕ್ರೀಮಿನ ಹೆಸರು ಸವಾರರ ಅಂಗಿಯ ಮೇಲೆ ಬಂದದ್ದು ಆ ಕಾರಣಕ್ಕೆ. ವಯಸ್ಸು 40 ಆದರೂ ಕೊಪ್ಪಿ ಓಡುತ್ತಲೇ ಇದ್ದ. 1960ಕ್ಕೆ ಹೊಸ ತಂಡ ಸಿದ್ಧವಾಗಿತ್ತು, ಅದರ ಮ್ಯಾನೇಜರ್ ಹಳೆಯ ಎದುರಾಳಿ ಬಾರ್ತಲಿ.

ಅದಕ್ಕೂ ಮುಂಚೆ, 1959ರ ಡಿಸೆಂಬರ್‌ನಲ್ಲಿ, ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾ ದೇಶಕ್ಕೆ ಒಂದು ಪ್ರದರ್ಶನ ಓಟಕ್ಕೆ ಹೋದ. ಈಗ ಅದು ಬುರ್ಕಿನಾ ಫಾಸೊ. ಜೊತೆಗೆ ಫ್ರಾನ್ಸಿನ ಸವಾರರು. ಕೊಪ್ಪಿ ಮತ್ತು ರಫೇಲ್ ಜೆಮಿನಿಯಾನಿ ಒಂದೇ ಕೋಣೆಯಲ್ಲಿ ಮಲಗಿದರು. ಸೊಳ್ಳೆ ಇಬ್ಬರನ್ನೂ ಕಚ್ಚಿತು. ಊರಿಗೆ ಮರಳಿದ ಮೇಲೆ ಇಬ್ಬರಿಗೂ ಜ್ವರ ಬಂತು. ಫ್ರಾನ್ಸಿನಲ್ಲಿ ಜೆಮಿನಿಯಾನಿಗೆ ಪ್ರಜ್ಞೆ ತಪ್ಪಿತು. ಅವನ ರಕ್ತವನ್ನು ಪರೀಕ್ಷೆಗೆ ಕಳಿಸಿದರು, ಮಲೇರಿಯಾ ಎಂದು ಬಂತು, ಕ್ವಿನೈನ್ ಕೊಟ್ಟರು. ಇಟಲಿಯಲ್ಲಿ ಕೊಪ್ಪಿಗೆ ಶ್ವಾಸಕೋಶದ ಸೋಂಕು ಎಂದು ಚಿಕಿತ್ಸೆ ನಡೆಯಿತು. ಜೆಮಿನಿಯಾನಿಯ ಮನೆಯವರು ಇದು ಮಲೇರಿಯಾ ಎಂದು ಸುದ್ದಿ ಮುಟ್ಟಿಸಿದರೂ ಅಲ್ಲಿನ ವೈದ್ಯರು ಒಪ್ಪಲಿಲ್ಲ. 1960ರ ಜನವರಿ 2ರಂದು ತೊರ್ತೋನಾ ಆಸ್ಪತ್ರೆಯಲ್ಲಿ ಕೊಪ್ಪಿ ತೀರಿಕೊಂಡ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ನನಗೂ ಮಲೇರಿಯಾ ಬಂದಿತ್ತು. ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಒರೆಸಿಕೊಂಡು ಹೋದರು. ನಾನು ಅತ್ತದ್ದು ಚುಚ್ಚಿದ್ದಕ್ಕೆ, ಜ್ವರಕ್ಕಲ್ಲ. ಹದಿನಾಲ್ಕು ದಿನ ಅಮ್ಮಿ ಎದುರಿಗೇ ನಿಂತು ಮಾತ್ರೆ ನುಂಗಿಸಿದರು.

ಕೊಪ್ಪಿಯನ್ನು ಕಸ್ತೆಲ್ಲಾನಿಯದಲ್ಲಿ ಮಣ್ಣು ಮಾಡಿದರು, ಈಗ ಪಕ್ಕದಲ್ಲಿ ಸೆರ್ಸೆ ಇದ್ದಾನೆ. ಊರಿನ ಹೆಸರೇ ಈಗ ಕಸ್ತೆಲ್ಲಾನಿಯ ಕೊಪ್ಪಿ. ಜಿರೊ ಓಟ ಪ್ರತಿವರ್ಷ ಹಾದುಹೋಗುವ ಅತಿ ಎತ್ತರದ ಜಾಗವನ್ನು 1965ರಿಂದ ಚೀಮಾ ಕೊಪ್ಪಿ, ಅಂದರೆ ಕೊಪ್ಪಿ ಶಿಖರ, ಎನ್ನುತ್ತಾರೆ. ಅದೇ ಕೋಣೆಯಲ್ಲಿ ಮಲಗಿದ್ದ, ಅದೇ ಜ್ವರ ಬಂದಿದ್ದ ಜೆಮಿನಿಯಾನಿ ತೀರಿಕೊಂಡದ್ದು 2024ರ ಜುಲೈನಲ್ಲಿ. ಆಗ ಅವನಿಗೆ 99 ವರ್ಷ.